ಕೆರೆ ಕಟ್ಟಿದವರು, ಕೆರೆ ಕಾಯ್ದವರು

ಕೋಲಾರದ ಸೀಮೆಗೆ ಪ್ರಕೃತಿ ಬಂಡೆಗಳನ್ನು ಧಾರಾಳವಾಗಿ ಕೊಟ್ಟಿತು. ನೀರನ್ನು ಮಾತ್ರ ಅಳೆದು ಕೊಟ್ಟಿತು. ಪಾಲಾರು ಈ ನೆಲದಲ್ಲಿ ಹರಿಯುವುದುಂಟು. ದಕ್ಷಿಣ ಪಿನಾಕಿನಿ ಮಾಲೂರಿನ ಮಗ್ಗುಲನ್ನು ಸೋಕಿಕೊಂಡು ತಮಿಳುನಾಡಿನ ಕಡೆಗೆ ಸಾಗುವುದುಂಟು. ಆದರೆ ಸ್ವಭಾವತಃ ಎರಡೂ ಮಳೆಗಾಲದ ಅತಿಥಿಗಳೇ ಹೊರತು ವರ್ಷವಿಡೀ ಮನೆಯಲ್ಲಿ ನಿಲ್ಲುವ ನೆಂಟರಲ್ಲ. ವರ್ಷಕ್ಕೆ ಬೀಳುವ ಮಳೆ ಸುಮಾರು ೭೫೦ ಮಿಲಿಮೀಟರು. ಅದೂ ಕೆಲವೇ ವಾರಗಳಲ್ಲಿ ಸುರಿದು ಹೋಗುವಂಥದು. ಇಂಥ ನೆಲದಲ್ಲಿ ಸಾವಿರ ವರ್ಷಗಳಿಂದ ಬತ್ತ ಬೆಳೆದರು, ಊರು ಕಟ್ಟಿದರು, ದೇವಾಲಯ ನಿಲ್ಲಿಸಿದರು. ಹೇಗೆ ಎಂದು ಕೇಳಿದರೆ ಉತ್ತರ ಒಂದೇ ಮಾತಿನದು: ಕೆರೆ.

ಶಾಸನಗಳಲ್ಲಿ ಕುವಳಾಲವೆಂದು ಹೆಸರಾದ ಕೋಲಾರ, ಮಲ್ಲಿಕಾಪುರವೆಂದು ಹೇಳಿಸಿಕೊಂಡ ಮಾಲೂರು, ಮೂಡಲ ಬಾಗಿಲು ಸವೆದು ಮುಳಬಾಗಿಲಾದ ಊರು, ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಡುವವರೆಗೆ ಪಾಪನಪಲ್ಲಿಯಾಗಿದ್ದ ಶ್ರೀನಿವಾಸಪುರ — ಈ ನಾಲ್ಕರಲ್ಲಿ ಯಾವುದರಿಂದ ಹೊರಟು ಯಾವ ದಿಕ್ಕಿಗೆ ನಡೆದರೂ ನಿಮಗೆ ಮೊದಲು ಎದುರಾಗುವುದು ಒಂದು ಏರಿ. ಏರಿ ಹತ್ತಿದರೆ ಒಂದು ಕಡೆ ಕೆರೆಯಂಗಳ, ಇನ್ನೊಂದು ಕಡೆ ಗದ್ದೆ ಬಯಲು. ನಾಡಿನಲ್ಲಿಯೇ ಹೆಚ್ಚು ಕೆರೆಗಳಿರುವ ಸೀಮೆ ಇದು ಎಂಬ ಮಾತನ್ನು ನೀವು ಶಾಲೆಯಲ್ಲಿಯೇ ಓದಿದ್ದೀರಿ. ಈ ಕೆರೆಗಳನ್ನು ಕಟ್ಟಿಸಿದ ದೊರೆಗಳ ಕೀರ್ತಿಯನ್ನೂ ಕೇಳಿದ್ದೀರಿ. ಆದರೆ ಕೆರೆಯನ್ನು ಒಮ್ಮೆ ಕಟ್ಟಿದರೆ ಮುಗಿಯುವುದಿಲ್ಲ. ಅದನ್ನು ವರ್ಷವರ್ಷವೂ ಕಾಯಬೇಕು. ಕಟ್ಟಿದವರ ಹೆಸರು ಕಲ್ಲಿನ ಮೇಲಿದೆ. ಕಾಯ್ದವರು ಯಾರು? ಯಾವ ಕಟ್ಟಳೆಯಿಂದ ಕಾಯ್ದರು? ಅವರ ಕೈ ಎಂದು ಸಡಿಲಿತು? ಈಗ ಮತ್ತೆ ಯಾರು ಕೈ ಹಾಕುತ್ತಿದ್ದಾರೆ? ಇಷ್ಟನ್ನು ಈ ಲೇಖನದಲ್ಲಿ ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಕೆರೆಯ ಅಂಗಗಳನ್ನು ನೆನಪು ಮಾಡಿಕೊಳ್ಳೋಣ. ನನ್ನ ತರಗತಿಯಲ್ಲಿ ಒಮ್ಮೆ ‘ಕೋಡಿ’ ಎಂದರೇನೆಂದು ಕೇಳಿದೆ. ಅರ್ಧ ಮಂದಿ ಹುಡುಗರು ಕೊಂಬು ಎಂದರು. ಒಬ್ಬ ಮಾತ್ರ, ಅಜ್ಜನ ಮನೆ ಹಳ್ಳಿಯಲ್ಲಿರುವವನು, ಕೆರೆ ತುಂಬಿ ಹರಿಯುವ ಬಾಯಿ ಎಂದನು. ಏರಿ ಎಂಬುದು ನೀರನ್ನು ತಡೆಯುವ ಮಣ್ಣಿನ ಕಟ್ಟೆ. ಅದರ ಒಳಮೈಗೆ ಕಲ್ಲು ಹಾಸು. ತೂಬು ಎಂಬುದು ಗದ್ದೆಗೆ ನೀರು ಬಿಡುವ ಕಂಡಿ. ಕೋಡಿ ಎಂಬುದು ಹೆಚ್ಚಾದ ನೀರು ಏರಿಯನ್ನು ಒಡೆಯದಂತೆ ಹೊರಗೆ ಹೋಗುವ ದಾರಿ. ರಾಜಕಾಲುವೆ ಎಂಬುದು ಗುಡ್ಡದ ನೀರನ್ನು ಕೆರೆಗೆ ತರುವ ಹಾದಿ. ಒಂದು ಕೆರೆಯ ಕೋಡಿಯ ನೀರು ಕೆಳಗಿನ ಊರಿನ ಕೆರೆಗೆ, ಅದರ ಕೋಡಿಯ ನೀರು ಇನ್ನೂ ಕೆಳಗಿನ ಕೆರೆಗೆ, ಹೀಗೆ ಸರಪಣಿಯಂತೆ ಇಳಿದುಹೋಗುತ್ತದೆ. ಆದ್ದರಿಂದ ಮೇಲಿನ ಊರಿನವರು ತಮ್ಮ ಕಾಲುವೆಯನ್ನು ಮುಚ್ಚಿದರೆ ಒಣಗುವುದು ಕೆಳಗಿನ ಊರು. ಮೇಲಿನ ಏರಿ ಒಡೆದರೆ ಮುಳುಗುವುದೂ ಕೆಳಗಿನ ಊರೇ. ಕೆರೆಯ ಇಡೀ ಧರ್ಮ ಈ ಒಂದು ಮಾತಿನಲ್ಲಿದೆ: ಅದು ಒಬ್ಬನದಲ್ಲ, ಒಂದು ಊರಿನದೂ ಅಲ್ಲ.

ಇನ್ನು ಹಳೆಯ ದಾಖಲೆಗಳಿಗೆ ಬರೋಣ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವನ್ನು ಕೋಲಾರ ಜಿಲ್ಲೆಗೇ ಮೀಸಲಿಟ್ಟು ೧೯೦೫ರಲ್ಲಿ ಪ್ರಕಟಿಸಿದರು. ವೀರಗಲ್ಲುಗಳು, ದೇವರ ದತ್ತಿಗಳು, ಅವುಗಳ ನಡುವೆ ಕೆರೆಯ ಮಾತು. ಆ ಕಾಲದ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಕೆರೆಯನ್ನು ಕಟ್ಟಿದವರಿಗೆ, ಜೀರ್ಣವಾದುದನ್ನು ಸರಿಪಡಿಸಿದವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಗೆ ಅಥವಾ ಹುಟ್ಟುವಳಿಯ ಪಾಲಿಗೆ ಆ ಹೆಸರು. ಕೆರೆಯ ಸೇವೆಗಾಗಿ ಬಿಟ್ಟ ನೆಲ ‘ಕೊಡಗೆ’. ಕೆರೆ ಕಟ್ಟಿಸಿದವನಿಗೆ ಹತ್ತರಲ್ಲಿ ಒಂದು ಪಾಲನ್ನು ಬಿಡುವುದು ‘ದಶವಂದ’. ಹೂಳು ಹೊರಲು ಬಂಡಿಯನ್ನೂ ಅದಕ್ಕೆ ಕಟ್ಟುವ ದನಗಳನ್ನೂ ಇಟ್ಟುಕೊಳ್ಳಲು ನೆಲ ಬಿಟ್ಟ ಏರ್ಪಾಡುಗಳೂ ನಾಡಿನಲ್ಲಿ ಇದ್ದುವು. ಹಿರಿಯರ ವಿವೇಕವನ್ನು ಇಲ್ಲಿ ಗಮನಿಸಿ. ಪುಣ್ಯ ಬರುತ್ತದೆಂದು ಹೇಳಿ ಅವರು ಸುಮ್ಮನಾಗಲಿಲ್ಲ. ಕೆಲಸಕ್ಕೆ ಅನ್ನದ ದಾರಿಯನ್ನೂ ಮಾಡಿದರು.

ಬೇತಮಂಗಲದ ಕೆರೆಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಆ ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಪಾಲಾರಿನ ನೀರನ್ನು ತಡೆದು ನಿಲ್ಲಿಸುವ ಅಲ್ಲಿನ ದೊಡ್ಡ ಕೆರೆ ಒಡೆದುಹೋಗಿದ್ದಾಗ ಹತ್ತನೆಯ ಶತಮಾನದಲ್ಲಿ ನೊಳಂಬರ ದೊರೆ ಇರಿವ ನೊಳಂಬನು ಅದನ್ನು ಮತ್ತೆ ಕಟ್ಟಿಸಿದನು. ಅದು ಮತ್ತೊಮ್ಮೆ ಒಡೆಯಿತು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಚೋಕಿಮಯ್ಯನು ಜೀರ್ಣೋದ್ಧಾರ ಮಾಡಿಸಿದನು. ಮುಂದೆ ಚಿನ್ನದ ಗಣಿಗಳ ಪಟ್ಟಣಕ್ಕೆ ಕುಡಿಯುವ ನೀರು ಬಂದದ್ದು ಇದೇ ಕೆರೆಯಿಂದ. ನೊಳಂಬರ ಕಾಲದ ಏರಿಯ ಪುಣ್ಯ ಗಣಿಯ ಕೂಲಿಗಾರನ ಮಡಕೆಯನ್ನು ತುಂಬಿತು ಎಂದರೆ ತಪ್ಪಲ್ಲ. ಕೆರೆಯ ಚರಿತ್ರೆ ಎಂದರೆ ಒಂದು ಸಲ ಕಟ್ಟಿದ ಚರಿತ್ರೆಯಲ್ಲ. ಒಡೆದಾಗಲೆಲ್ಲ ಮತ್ತೆ ತೆರೆದ, ಮತ್ತೆ ಕಟ್ಟಿದ ಚರಿತ್ರೆ.

ನಮ್ಮ ಗಡಿಯಾಚೆ, ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕ್ರಿ. ಶ. ೧೩೬೯ರ ಒಂದು ಸಂಸ್ಕೃತ ಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಅಲ್ಲಿ ಕೆರೆ ಕಟ್ಟಿಸಿದನು. ಎರಡು ವರ್ಷಗಳ ಕಾಲ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದುವೆಂದು ಆ ಕಲ್ಲು ಹೇಳುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಅದು ಪಾಠದಂತೆ ಎಣಿಸುತ್ತದೆ. ಧರ್ಮವಂತನಾದ ಒಡೆಯ, ಜಲಶಾಸ್ತ್ರ ಬಲ್ಲ ಪಂಡಿತ, ಗಟ್ಟಿ ನೆಲ, ದೂರದಿಂದ ಬರುವ ಸಿಹಿನೀರಿನ ಹೊಳೆ, ಹತ್ತಿರದಲ್ಲಿಯೇ ಕಲ್ಲಿನ ಗಣಿ, ಕೆಲಸ ಬಲ್ಲ ಜನರ ತಂಡ, ಇವೆಲ್ಲ ಸಾಧನಗಳು. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ನೀರು ಕಡಮೆಯಾಗಿ ಗದ್ದೆ ಹೆಚ್ಚಾಗುವುದು ಮೊದಲಾದುವು ದೋಷಗಳು. ಎರಡು ರಾಜ್ಯಗಳ ಎಲ್ಲೆಯಲ್ಲಿ ಕೆರೆಯಿರುವುದೂ ಒಂದು ದೋಷವಂತೆ! ಇಬ್ಬರ ಎಲ್ಲೆಯಲ್ಲಿರುವುದು ಇಬ್ಬರಿಗೂ ಸೇರಿದ್ದಾಗದೆ ಯಾರಿಗೂ ಸೇರದ್ದಾಗುತ್ತದೆ ಎಂಬ ಲೋಕಾನುಭವ ಅದರ ಹಿಂದೆ ಇದ್ದೀತು. ಆದರೆ ಈ ಹನ್ನೆರಡು ಸಾಧನಗಳಲ್ಲಿ, ಕಟ್ಟಿದ ಮೇಲೆ ಕಾಯುವವನ ಮಾತು ಬರುವುದಿಲ್ಲ. ಶಾಸ್ತ್ರ ಅಲ್ಲಿಗೆ ನಿಲ್ಲುತ್ತದೆ. ಊರಿನ ಕಟ್ಟಳೆ ಅಲ್ಲಿಂದ ಮುಂದೆ ಹೊರಡುತ್ತದೆ.

ಆ ಕಟ್ಟಳೆ ಹೇಗಿತ್ತು? ಬೇಸಗೆಯಲ್ಲಿ ಕೆರೆ ಬತ್ತಿದಾಗ ರೈತರು ಬಂಡಿಗಳನ್ನು ಕೆರೆಯಂಗಳಕ್ಕೆ ಇಳಿಸಿ ಗೋಡುಮಣ್ಣನ್ನು ತುಂಬಿಕೊಂಡು ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಸ್ವಾರ್ಥವೂ ಪರಮಾರ್ಥವೂ ಒಂದೇ ಬಂಡಿಯಲ್ಲಿ ಕೂಡಿ ಬರುತ್ತಿದ್ದುವು. ಏರಿಯ ಮೇಲೆ ಗಿಡ ಬೇರು ಬಿಟ್ಟರೆ ಕೀಳುವುದು, ಇಲಿ ಹೆಗ್ಗಣಗಳ ಬಿಲ ಮುಚ್ಚುವುದು, ಮಳೆಗೆ ಮುಂಚೆ ಕಾಲುವೆ ತೋಡುವುದು ಅಚ್ಚುಕಟ್ಟಿನ ರೈತರ ಪಾಲಿನ ಕೆಲಸ. ತೂಬಿನ ಬಳಿ ನಿಂತು ಯಾವ ಗದ್ದೆಗೆ ಎಷ್ಟು ನೀರೆಂದು ಬಿಡುವವನು ನೀರಗಂಟಿ. ಸುಗ್ಗಿಯಲ್ಲಿ ಅವನಿಗೆ ಕಣದಿಂದ ಕಾಳು ಸಲ್ಲುತ್ತಿತ್ತು.

ಮೈಸೂರು ಸಂಸ್ಥಾನದ ಕಾಲದಲ್ಲಿ ಈ ಕಟ್ಟಳೆ ಸರ್ಕಾರದ ಕಾಗದಕ್ಕೂ ಏರಿತು. ಸಂಸ್ಥಾನದ ನೆಲದಲ್ಲಿ ನೂರಕ್ಕೆ ಸುಮಾರು ಅರವತ್ತರಷ್ಟು ಭಾಗ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದು, ಹೊಸ ಕೆರೆಗೆ ಎಡೆ ಹುಡುಕುವುದೇ ಕಷ್ಟವೆಂದು, ಮುಖ್ಯ ಎಂಜಿನಿಯರಾಗಿದ್ದ ಮೇಜರ್ ಸ್ಯಾಂಕಿಯವರು ೧೮೬೬ರ ಸುಮಾರಿನಲ್ಲಿ ಬೆರಗಾಗಿ ಬರೆದರು. ಇಷ್ಟೊಂದು ಕೆರೆಗಳನ್ನು ಖಜಾನೆಯ ದುಡ್ಡಿನಿಂದಲೇ ಕಾಯುವುದು ಆಗದ ಮಾತು. ಆದ್ದರಿಂದ ಕಲ್ಲುಗಾರೆಯ ಕೆಲಸ ಸರ್ಕಾರದ್ದು, ಮಣ್ಣಿನ ಕೆಲಸ ರೈತರದು ಎಂಬ ಹಂಚಿಕೆ ನಡೆದುಬಂದಿತು. ೧೯೧೧ರಲ್ಲಿ ಕೆರೆ ಪಂಚಾಯತಿಗಳ ಕಾನೂನು ಬಂದಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೪ರ ಸುಮಾರಿನಲ್ಲಿ, ಗ್ರಾಮಾಭ್ಯುದಯದ ಯೋಜನೆ ಹೊರಟಿತು. ಹಳ್ಳಿಯವರು ವಾರದಲ್ಲಿ ಅರ್ಧ ದಿನ ಊರಿನ ರಸ್ತೆ, ಬಾವಿ, ಕೆರೆಗಳಿಗಾಗಿ ಕೂಡಿ ದುಡಿಯಬೇಕೆಂಬುದು ಅದರ ಒಂದು ಅಂಗ. ಸ್ವಾತಂತ್ರ್ಯ ಬಂದ ಮೇಲೆ, ೧೯೫೨ರ ಅಕ್ಟೋಬರ್ ೨ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಇದೇ ಭಾವನೆಗೆ ಶ್ರಮದಾನ ಎಂಬ ಹೆಸರನ್ನು ಮನೆಮಾತು ಮಾಡಿತು.

ಇಲ್ಲಿಯವರೆಗೆ ಓದಿ, ಹಿಂದಿನ ಕಾಲವೆಲ್ಲ ಸತ್ಯಯುಗವಾಗಿತ್ತೆಂದು ನೀವು ಭಾವಿಸಬಾರದು. ಕೂಡಿ ದುಡಿಯುವುದು ಒಂದು, ದುಡಿಸಿಕೊಳ್ಳುವುದು ಇನ್ನೊಂದು. ಇವೆರಡರ ನಡುವಣ ಗೆರೆ ತೆಳುವಾದುದು. ನೆರೆಯ ಮದರಾಸು ಪ್ರಾಂತದಲ್ಲಿ ‘ಕುಡಿಮರಾಮತ್ತು’ ಎಂಬ ಇದೇ ಬಗೆಯ ಪದ್ಧತಿಯಿತ್ತು. ಅದು ಸಡಿಲವಾಯಿತೆಂದು ಕಂಡಾಗ ಸರ್ಕಾರ ೧೮೫೮ರಲ್ಲಿ ಕಡ್ಡಾಯ ದುಡಿಮೆಯ ಕಾಯಿದೆಯನ್ನೇ ತಂದಿತು. ಕಾಯಿದೆ ಬಂದುದರಿಂದ ಪದ್ಧತಿ ಮತ್ತೆ ಚಿಗುರಲಿಲ್ಲ. ಇಂಗ್ಲೆಂಡಿನಲ್ಲಿಯೂ ಹೀಗೆಯೇ. ಅಲ್ಲಿ ೧೫೫೫ರ ಶಾಸನದಂತೆ ಪ್ರತಿಯೊಂದು ಪ್ಯಾರಿಷ್‌ನ ಜನ ವರ್ಷಕ್ಕೆ ನಾಲ್ಕು ದಿನ ಕೂಲಿಯಿಲ್ಲದೆ ರಸ್ತೆಯ ಕೆಲಸ ಮಾಡಬೇಕಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ಆರು ದಿನವಾಯಿತು. ಜನ ಬಂದರು, ನಿಂತರು, ಹೊತ್ತು ಕಳೆದು ಹೋದರು. ರಸ್ತೆ ಇದ್ದಂತೆಯೇ ಇತ್ತು. ೧೮೩೫ರಲ್ಲಿ ಆ ಕಟ್ಟಳೆಯನ್ನು ತೆಗೆದುಹಾಕಿದರು. ಬಲವಂತದ ಮಾಘಸ್ನಾನದಿಂದ ಪುಣ್ಯ ಬರುವುದಿಲ್ಲವೆಂಬ ನಮ್ಮ ಗಾದೆ ಸಮುದ್ರದಾಚೆಯೂ ಸತ್ಯವೇ.

ನಮ್ಮಲ್ಲಿ ಈ ನೋವು ಇನ್ನೂ ಆಳವಾಗಿತ್ತು. ನೀರಗಂಟಿಯ ಕೆಲಸ ಬಹುಮಟ್ಟಿಗೆ ಊರ ಹೊರಗಿನ ಕೇರಿಯವರ ಪಾಲಿಗೆ ವಂಶಪಾರಂಪರ್ಯವಾಗಿ ಬಂದಿತ್ತು. ಎಲ್ಲರ ಗದ್ದೆಗೂ ನೀರು ಹಾಯಿಸುವವನಿಗೆ ತನ್ನದೆಂಬ ಗದ್ದೆ ಇರುತ್ತಿದ್ದುದು ಅಪರೂಪ. ಕೆರೆಯನ್ನು ತನ್ನ ಅಂಗೈಯಂತೆ ಬಲ್ಲವನಿಗೆ ಊರ ಬಾವಿಯಲ್ಲಿ ಸೇದುವ ಹಕ್ಕಿರಲಿಲ್ಲ. ‘ಕೆರೆಗೆ ಹಾರ’ ಎಂಬ ನಮ್ಮ ಜನಪದ ಕಥನಗೀತವನ್ನು ನೀವು ಬಲ್ಲಿರಿ. ಕಲ್ಲನಕೇರಿಯ ಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಟ್ಟ ಕಥೆ ಅದು. ಆ ಹಾಡನ್ನು ತ್ಯಾಗದ ಕಥೆಯೆಂದು ಪಾಠ ಹೇಳುವುದು ವಾಡಿಕೆ. ಆದರೆ ಊರಿನ ಹಿತಕ್ಕಾಗಿ ಹೊರೆ ಹೊರುವವರು ಯಾರು, ಅವರನ್ನು ಯಾರಾದರೂ ಕೇಳಿದರೇ ಎಂಬ ಪ್ರಶ್ನೆಯೂ ಆ ಹಾಡಿನೊಳಗೇ ಇದೆ. ಕೆರೆಯ ಕೆಲಸವನ್ನು ಹೊಗಳುವವರು ಈ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ.

ಕಾಲ ತಿರುಗಿತು. ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ೧೯೬೩ರಲ್ಲಿ ಜಾರಿಗೆ ಬಂದು, ವಂಶಪಾರಂಪರ್ಯದ ಹಳ್ಳಿಯ ಹುದ್ದೆಗಳು ಕೊನೆಗೊಂಡುವು. ಅದು ನ್ಯಾಯವಾದ ಕೆಲಸವೇ. ಆದರೆ ಹಳೆಯ ಏಣಿಯನ್ನು ತೆಗೆದಮೇಲೆ ಹೊಸ ಏಣಿಯನ್ನು ಇಡಬೇಕಾಗಿತ್ತು, ಅದು ಆಗಲಿಲ್ಲ. ಕೆರೆಗಳು ಇಲಾಖೆಗಳ ಲೆಕ್ಕಕ್ಕೆ ಸೇರಿದುವು. ೪೦ ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವುವು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕೆ ಕಡಮೆಯಿರುವುವು ಪಂಚಾಯತಿಗಳ ಕಡೆಗೆ ಎಂದಾಯಿತು. ಅಷ್ಟರಲ್ಲಿ ಕೊಳವೆಬಾವಿ ಬಂದಿತು. ತನ್ನ ಹೊಲದಲ್ಲಿಯೇ ನೀರು ಚಿಮ್ಮಿದವನಿಗೆ ಕೆರೆಯ ಗೊಡವೆ ಏಕೆ? ಬಂಡಿಗಳು ಕೆರೆಯಂಗಳಕ್ಕೆ ಇಳಿಯುವುದು ನಿಂತಿತು. ಹೂಳು ತುಂಬಿತು, ಜಾಲಿ ಬೆಳೆಯಿತು, ರಾಜಕಾಲುವೆಯ ಮೇಲೆ ಉಳುಮೆ ಸಾಗಿತು, ಮನೆಗಳೂ ಎದ್ದುವು. ಕೊಳವೆಬಾವಿಗಳು ನೂರು ಅಡಿಯಿಂದ ಸಾವಿರ ಅಡಿಯಾಚೆಗೆ ಇಳಿದು, ಫ್ಲೋರೈಡು ಬೆರೆತ ನೀರನ್ನು ಮೇಲಕ್ಕೆ ತಂದುವು. ಒಬ್ಬೊಬ್ಬನೂ ತನಗಾಗಿ ತೋಡಿದ ಬಾವಿ ಎಲ್ಲರ ಪಾಲಿಗೂ ಬತ್ತಿತು.

ಈ ದುಃಖದ ಅಧ್ಯಾಯವೇ ಕೊನೆಯದಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಮುಚ್ಚಿದ ಹಾದಿಯನ್ನು ಮತ್ತೆ ತೆರೆಯುವ ಯತ್ನವೂ ನಮ್ಮ ಕಾಲದಲ್ಲಿಯೇ ಹೊರಟಿದೆ. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ೨೦೦೨ರಲ್ಲಿ ಆರಂಭವಾದ ಕೆರೆ ಯೋಜನೆಯನ್ನು ಜಲ ಸಂವರ್ಧನೆ ಯೋಜನಾ ಸಂಘ ನಡೆಸಿತು. ಕೋಲಾರವೂ ಅದರಲ್ಲಿ ಸೇರಿತ್ತು. ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದುವು. ಊರಿನವರೂ ದುಡ್ಡಿನ ರೂಪದಲ್ಲಿಯೋ ದುಡಿಮೆಯ ರೂಪದಲ್ಲಿಯೋ ಪಾಲು ಕೊಡಬೇಕೆಂಬ ನಿಯಮವಿತ್ತು. ೨೦೦೫ರ ಉದ್ಯೋಗ ಖಾತರಿ ಕಾಯಿದೆ ಬಂದ ಮೇಲೆ, ಕೂಲಿ ಕೊಟ್ಟು ಹೂಳೆತ್ತಿಸುವುದು ಸಾಧ್ಯವಾಯಿತು. ೨೦೧೪ರಲ್ಲಿ ಕೆರೆಗಳ ಸಂರಕ್ಷಣೆಗೆ ಒಂದು ಪ್ರಾಧಿಕಾರದ ಕಾಯಿದೆಯಾಯಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ೨೦೧೬ರಿಂದ ‘ನಮ್ಮೂರು ನಮ್ಮ ಕೆರೆ’ ಎಂಬ ಹೆಸರಿನಲ್ಲಿ ನಾಡಿನ ಹಲವೆಡೆ ಕೆರೆಗಳ ಹೂಳೆತ್ತಿಸಿದರು. ಅಲ್ಲಿ ರೈತರು ತಮ್ಮ ಟ್ರಾಕ್ಟರುಗಳಲ್ಲಿ ಗೋಡುಮಣ್ಣನ್ನು ಹೊಲಕ್ಕೆ ಸಾಗಿಸಿದರು. ಹಳೆಯ ಬಂಡಿಯ ಕಟ್ಟಳೆ ಹೊಸ ಗಾಲಿಯ ಮೇಲೆ ಬಂದಂತಾಯಿತು.

೨೦೧೮ರ ಜೂನ್ ತಿಂಗಳಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರದ ಕೆರೆಗೆ ಹೊಸ ಬಗೆಯ ನೀರು ಬಂದಿತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ೧೨೬ ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಒಣಗಿದ ಬಾವಿಗಳಲ್ಲಿ ನೀರು ಕಂಡಿತೆಂದು ಹಿಗ್ಗಿದವರುಂಟು. ಎರಡು ಹಂತದ ಶುದ್ಧಿ ಸಾಲದು, ಮೂರನೆಯ ಹಂತವೂ ಬೇಕೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವರುಂಟು. ಅವರ ಕಳಕಳಿಯನ್ನು ಹಗುರವಾಗಿ ಕಾಣಬಾರದು. ಆದರೆ ಇದರಿಂದ ಒಂದು ಪಾಠ ಸ್ಪಷ್ಟವಾಯಿತು. ನೀರು ಕೊಳವೆಯಲ್ಲಿ ಬಂದರೂ ಒಂದು ಕೆರೆಯಿಂದ ಇನ್ನೊಂದಕ್ಕೆ ಇಳಿಯಬೇಕಾದರೆ ಅದಕ್ಕೆ ಬೇಕಾದುದು ಹಿರಿಯರು ತೋಡಿದ ಅದೇ ಕಾಲುವೆ. ೨೦೨೧ರ ನವೆಂಬರಿನಲ್ಲಿ ಭಾರಿ ಮಳೆ ಸುರಿದು ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದಾಗಲೂ ಅದೇ ಪಾಠ. ನೀರಿಗೆ ತನ್ನ ಹಳೆಯ ದಾರಿ ನೆನಪಿರುತ್ತದೆ. ದಾರಿಯಲ್ಲಿ ಮನೆ ಕಟ್ಟಿದವರಿಗೆ ಮಾತ್ರ ಮರೆತಿರುತ್ತದೆ.

ಸ್ವಯಂಸೇವೆ ಯಾವಾಗ ಬಾಳುತ್ತದೆ ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಪೂರ್ವದ ಬೆಟ್ಟಸಾಲಿನಲ್ಲಿ ಅಪಲಾಚಿಯನ್ ಹಾದಿ ಎಂಬ ಕಾಲುದಾರಿಯಿದೆ. ೧೯೨೧ರಲ್ಲಿ ಬೆಂಟನ್ ಮೆಕೈ ಎಂಬವರು ಅದರ ಕಲ್ಪನೆಯನ್ನು ಮುಂದಿಟ್ಟರು. ೧೯೩೭ರಲ್ಲಿ ಹಾದಿ ಪೂರ್ತಿಯಾಯಿತು. ಹದಿನಾಲ್ಕು ರಾಜ್ಯಗಳನ್ನು ಹಾಯುವ, ಸುಮಾರು ೩,೫೦೦ ಕಿಲೋಮೀಟರು ಉದ್ದದ ಆ ಹಾದಿಯಲ್ಲಿ ಬಿದ್ದ ಮರ ತೆಗೆಯುವುದು, ಮಳೆನೀರಿಗೆ ಮೋರಿ ಮಾಡುವುದು, ಇವನ್ನು ಹೆಚ್ಚಾಗಿ ಮಾಡುವವರು ಸ್ಥಳೀಯ ಕೂಟಗಳ ಸ್ವಯಂಸೇವಕರು. ಒಂದೊಂದು ಕೂಟಕ್ಕೆ ಹಾದಿಯ ಒಂದೊಂದು ತುಂಡು. ಗುಡ್ಡಗಾಡಿನ ಮಣ್ಣುಹಾದಿಗಳಲ್ಲಿ ಸೈಕಲ್ಲು, ಮೋಟಾರು ಸೈಕಲ್ಲು ಓಡಿಸುವ ತರುಣರ ಕೂಟಗಳೂ ಆ ದೇಶಗಳಲ್ಲಿ ಇದೇ ರೀತಿ ತಮ್ಮ ಹಾದಿಯನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಮುಚ್ಚಿಹೋದುದನ್ನು ಕೇಳಿ ತೆರೆಸಿಕೊಳ್ಳುತ್ತವೆ. ಹಾದಿಯ ಸುಖ ಉಣ್ಣುವವರೇ ಗುದ್ದಲಿಯನ್ನೂ ಹಿಡಿಯುತ್ತಾರೆ. ಇಲ್ಲಿ ಒಡೆಯನ ಆಜ್ಞೆಯಿಲ್ಲ, ಒಂದು ಕೇರಿಯ ಮೇಲೆ ಮಾತ್ರ ಬಿದ್ದ ಹೊರೆಯೂ ಇಲ್ಲ. ಹಂಚಿಕೊಂಡ ತುಂಡು, ಗೊತ್ತಾದ ದಿನ, ಕಣ್ಣಿಗೆ ಕಾಣುವ ಫಲ — ಈ ಮೂರು ಇದ್ದರೆ ಕೆಲಸ ನಿಲ್ಲುವುದಿಲ್ಲ.

‘ಇದೆಲ್ಲ ಹಳ್ಳಿಯವರ ಮಾತು, ಪೇಟೆಯಲ್ಲಿ ನಲ್ಲಿಯ ನೀರು ಕುಡಿಯುವ ನಮಗೇನು?’ ಎಂದು ನೀವು ಕೇಳಬಹುದು. ನಿಮ್ಮ ನಲ್ಲಿಗೆ ಬರುವ ನೀರು ಬಹುಮಟ್ಟಿಗೆ ಯಾವುದೋ ಕೊಳವೆಬಾವಿಯದು. ಆ ಬಾವಿಗೆ ನೀರು ಇಂಗಬೇಕಾದುದು ಯಾವುದೋ ಕೆರೆಯಿಂದ. ರಾಜಕಾಲುವೆಗೆ ಕಸ ಸುರಿಯುವವರು ಹಳ್ಳಿಯವರಿಗಿಂತ ಪೇಟೆಯವರೇ ಹೆಚ್ಚು. ನಿಮ್ಮ ಬಡಾವಣೆಯ ನಿವೇಶನ ಒಂದು ಕಾಲದಲ್ಲಿ ಯಾವ ಕೆರೆಯ ಅಂಗಳವಾಗಿತ್ತೆಂದು ಕಂದಾಯ ಇಲಾಖೆಯ ಹಳೆಯ ನಕಾಶೆಯನ್ನು ತೆಗೆಸಿ ನೋಡಿದರೆ ನಿಮಗೇ ತಿಳಿಯುತ್ತದೆ. ಆದ್ದರಿಂದ ಸಾಲ ನಮ್ಮ ಮೇಲೂ ಇದೆ.

ಆ ಸಾಲ ತೀರಿಸುವ ರೀತಿ ದೊಡ್ಡದೇನಲ್ಲ. ನಿಮ್ಮ ಮನೆಗೆ ಹತ್ತಿರದ ಕೆರೆಯ ಹೆಸರನ್ನು ಮಕ್ಕಳಿಗೆ ಹೇಳಿಕೊಡಿ. ಅದಕ್ಕೆ ನೀರು ಯಾವ ಗುಡ್ಡದಿಂದ ಬರುತ್ತದೆ, ಕೋಡಿಯ ನೀರು ಯಾವ ಊರಿಗೆ ಹೋಗುತ್ತದೆ ಎಂಬುದನ್ನು ಅವರೊಡನೆ ನಡೆದು ನೋಡಿ. ಊರಿನಲ್ಲಿ ಕೆರೆಯ ಸಂಘವಿದ್ದರೆ ಸೇರಿ. ಇಲ್ಲದಿದ್ದರೆ ಹತ್ತು ಮನೆಯವರು ಕೂಡಿ ಮಳೆಗೆ ಮುಂಚಿನ ಒಂದು ಭಾನುವಾರವನ್ನು ಕಾಲುವೆಗೆ ಮೀಸಲಿಡಿ. ಆ ದಿನ ಗುದ್ದಲಿಯನ್ನು ಒಂದು ಕೇರಿಯವರ ಕೈಗೆ ಕೊಟ್ಟು ಉಳಿದವರು ಏರಿಯ ಮೇಲೆ ನಿಂತು ನೋಡುವಂತಾಗಬಾರದು. ದಿನಗೂಲಿಯವನು ಬಂದರೆ ಅವನ ಕೂಲಿ ಅವನಿಗೆ ಸಲ್ಲಬೇಕು. ದಾನವೆಂಬುದು ಉಳ್ಳವನು ಮಾಡಬೇಕಾದುದು, ಇಲ್ಲದವನಿಂದ ಕೇಳಬೇಕಾದುದಲ್ಲ. ಒತ್ತುವರಿಯ ಮಾತು ಬಂದಾಗ ಬಡವನ ಗುಡಿಸಲನ್ನು ಮೊದಲು ಅಳೆದು, ದೊಡ್ಡವರ ಬೇಲಿಯ ಬಳಿ ಸರಪಣಿ ತುಂಡಾಯಿತೆನ್ನುವ ಅಳತೆಯೂ ಬೇಡ.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ನಮ್ಮವರು ಹೇಳುತ್ತಾರೆ. ಸಾವಿರ ವರ್ಷ ಈ ಸೀಮೆಯನ್ನು ಬದುಕಿಸಿದ್ದು ಅಂಥ ಕಡ್ಡಿಗಳೇ. ಆ ಕಡ್ಡಿಗಳಲ್ಲಿ ಕೆಲವು ಬಲವಂತದಿಂದ ಕಿತ್ತವು ಎಂಬುದನ್ನು ಮರೆಯದೆ, ಈ ಸಲ ಎಲ್ಲರೂ ಮನಸಾರೆ ಕೊಟ್ಟವುಗಳಿಂದಲೇ ಹೊರೆ ಕಟ್ಟೋಣ. ಮುಂದಿನ ಮುಂಗಾರು ನಮ್ಮ ಅನುಕೂಲವನ್ನು ಕೇಳಿಕೊಂಡು ಬರುವುದಿಲ್ಲ. ಅದು ಬರುವ ಹೊತ್ತಿಗೆ ಕಾಲುವೆಯ ಬಾಯಿ ತೆರೆದಿದ್ದರೆ ಸಾಕು. ಮಿಕ್ಕ ಕೆಲಸವನ್ನು ನೀರೇ ಮಾಡಿಕೊಳ್ಳುತ್ತದೆ.